ಶರತ್ಕಾಲಕ್ಕೆ ಅಂತ ಮಾಡಿದ ಹೂವಿನ ಕೋಟ್ ಪರದೆ ಬಟ್ಟೆಯಂತೆ ಕಾಣುತ್ತಿದೆ. ಎಲ್ಲಿ ತಪ್ಪಿದೆ?

ಮೊಗ್ಗುದಾರ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಫ್ಯಾಶನ್ ಡಿಸೈನ್ ಕೊನೆಯ ವರ್ಷದಲ್ಲಿದ್ದೇನೆ. ಕೊನೆಯ ಕಲೆಕ್ಷನ್‌ಗೆ ಆರು ಉಡುಪು ಮಾಡಬೇಕು. ವಿಷಯ ನಾನೇ ಆರಿಸಿಕೊಂಡಿದ್ದು: ಶರತ್ಕಾಲದ ಹೂವು. ಐದು ಉಡುಪುಗಳ ಬಗ್ಗೆ ಚಿಂತೆ ಇಲ್ಲ. ಆರನೆಯದೇ ಮುಖ್ಯವಾದದ್ದು, ಮೊಣಕಾಲಿನ ಕೆಳಗೆ ಬರುವ ಉದ್ದನೆಯ ಕೋಟ್. ಅದೇ ಕೈಕೊಟ್ಟಿದೆ.

ಗುಲಾಬಿಯ ಚಿತ್ರ ನಾನೇ ಬರೆದು ಡಿಜಿಟಲ್ ಪ್ರಿಂಟ್ ಹಾಕಿಸಿದೆ. ಬಟ್ಟೆ ದಪ್ಪನೆಯ ಕಾಟನ್ ಸ್ಯಾಟಿನ್. ಮೊದಲು ಒಡಲು ಕೆನೆ ಬಣ್ಣದ್ದಿತ್ತು. ವಸಂತದ ಬಟ್ಟೆಯಂತೆ ಕಂಡಿತು. ಹಾಗಾಗಿ ಕಂಪ್ಯೂಟರಿನಲ್ಲೇ ಒಡಲನ್ನು ಕಪ್ಪು ದ್ರಾಕ್ಷಿಯ ಬಣ್ಣಕ್ಕೆ ತಿರುಗಿಸಿದೆ, ಹೂವನ್ನೂ ಒಂದಿಷ್ಟು ಕಪ್ಪಾಗಿಸಿದೆ. ಒಂದೊಂದು ಹೂವೂ ಅಂಗೈ ಅಗಲ. ರಿಪೀಟ್, ಅಂದರೆ ಅದೇ ಚಿತ್ರ ಮತ್ತೆ ಬರುವ ಅಂತರ, 64 ಸೆಂಟಿಮೀಟರ್. ಹೊಲಿದು ಡಮ್ಮಿಗೆ ಹಾಕಿದೆ. ನಮ್ಮ ಮೇಡಂ ಬಂದು ಸುತ್ತ ನೋಡಿದರು. ಏನೂ ಹೇಳದೆ ಕೋಟನ್ನು ಬಿಚ್ಚಿ ಕಿಟಕಿಯ ಪರದೆ ಕಂಬಿಗೆ ನೇತು ಹಾಕಿದರು. ಇಡೀ ತರಗತಿ ನೋಡಿತು. ಆ ದಿನ ನನಗೆ ಸೂಜಿ ಹಿಡಿಯಲಾಗಲಿಲ್ಲ. ಆದರೆ ಅವರು ತೋರಿಸಿದ್ದು ನಿಜ. ಅಲ್ಲಿ ಅದು ಪರದೆಯೇ ಆಗಿತ್ತು.

ಇನ್ನು ಏಳು ವಾರ ಇದೆ. ಬಟ್ಟೆ ಬದಲಿಸಲೂ ತಯಾರಿದ್ದೇನೆ. ಶರತ್ಕಾಲದ ಹೂವು ಅಂದರೆ ಬರೀ ಗಾಢ ಬಣ್ಣವೇ? ದೊಡ್ಡ ಡಿಸೈನರುಗಳು ಇದನ್ನು ಹೇಗೆ ಮಾಡಿದ್ದಾರೆ? ಪ್ರಿಂಟ್ ಬಿಟ್ಟು ಬೇರೆ ದಾರಿ ಇದೆಯೇ? ದಯವಿಟ್ಟು ಬಿಡಿಸಿ ಹೇಳಿ.

ಅಡ್ಡಕತ್ತರಿ ಉತ್ತರ:

ಪರದೆಯಂತೆ ಕಾಣಲು ನೀವೇ ಬರೆದ ಮೂರು ವಿವರ ಸಾಕು. ದಪ್ಪ ಕಾಟನ್ ಸ್ಯಾಟಿನ್ ಮೈಮೇಲೆ ಬೀಳುವುದಿಲ್ಲ, ನಿಲ್ಲುತ್ತದೆ. ಪರದೆಗೆ ಬೇಕಾದ ಗುಣ ಅದು. 64 ಸೆಂಟಿಮೀಟರ್ ರಿಪೀಟ್ ಪೀಠೋಪಕರಣದ ಬಟ್ಟೆಗಳಲ್ಲಿ ತುಂಬಾ ಬಳಕೆಯಲ್ಲಿರುವ ಅಳತೆ, ನಮ್ಮ ಕಣ್ಣಿಗೆ ಅದು ರೂಢಿಯಾಗಿಬಿಟ್ಟಿದೆ. ಮೂರನೆಯದು, ಹೂವುಗಳ ನಡುವೆ ಎಲ್ಲ ಕಡೆ ಒಂದೇ ಅಂತರ.

ನಾನಾಗಿದ್ದರೆ ರಿಪೀಟ್ ಬಿಟ್ಟುಬಿಡುತ್ತಿದ್ದೆ. ಮೊದಲು ಕೋಟಿನ ಪ್ಯಾಟರ್ನ್ ತುಂಡುಗಳನ್ನು ಹಾಸಿ, ಹೂವು ಎಲ್ಲಿ ಬರಬೇಕು ಅಂತ ಆ ತುಂಡುಗಳ ಮೇಲೇ ಬರೆಯಿರಿ. ಹಾಗೆ ಜಾಗ ನೋಡಿ ಹಾಕಿದ ಪ್ರಿಂಟ್ ಹೊಲಿಗೆ ದಾಟಿದರೂ ತುಂಡಾಗುವುದಿಲ್ಲ. ಬಟ್ಟೆ ಜಾಸ್ತಿ ಹೋಗುತ್ತದೆ, ನಿಜ. ಬಟ್ಟೆಗೆ ಉಣ್ಣೆಯ ಕ್ರೇಪ್ ಅಥವಾ ವೆಲ್ವೆಟ್ ನೋಡಿ.

ಎಸಳುಕೈ ಉತ್ತರ:

ನಾನು ಬಟ್ಟೆಯ ಹೂವು ಮಾಡುವವಳು. ಹದಿನಾಲ್ಕು ವರ್ಷದಿಂದ ಇದೇ ಕೆಲಸ. ಕೋಟು, ಗೌನು ಹೊಲಿಯುವವರು ಬೇರೆ, ಅದರ ಮೇಲೆ ಕೂರುವ ಹೂವು ನನ್ನದು. ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣು ಒಂದು ಮಾತಿನ ಮೇಲೆ ನಿಂತಿತು: "ಹೂವನ್ನೂ ಒಂದಿಷ್ಟು ಕಪ್ಪಾಗಿಸಿದೆ." ಬಟ್ಟೆ, ರಿಪೀಟ್ ಎಲ್ಲ ಆಮೇಲಿನ ಮಾತು. ತಪ್ಪು ಶುರುವಾಗಿದ್ದು ಅಲ್ಲಿ.

ವಸಂತದ ಹೂವಿನ ಪಕ್ಕ ದೀಪ ಆರಿಸಿದರೆ ಅದು ಶರತ್ಕಾಲದ ಹೂವಾಗುವುದಿಲ್ಲ. ಕತ್ತಲಲ್ಲಿರುವ ವಸಂತದ ಹೂವಾಗುತ್ತದೆ, ಅಷ್ಟೇ. ಶರತ್ಕಾಲದ ಹೂವಿನ ವಯಸ್ಸೇ ಬೇರೆ. ಅದು ಅರಳಿ ಮುಗಿದಿದೆ. ಅಂಚು ಕಂದಿದೆ, ಎಸಳು ಹಿಂದಕ್ಕೆ ಸುರುಳಿಯಾಗಿದೆ, ಎಲೆಗೆ ಚುಕ್ಕೆ ಬಿದ್ದಿದೆ, ಪಕ್ಕದ ತೊಟ್ಟಿನಲ್ಲಿ ಹೂವು ಉದುರಿ ಬೀಜದ ಕಾಯಿ ಮಾತ್ರ ನಿಂತಿದೆ. ಇದೆಲ್ಲ ನಿಮ್ಮ ಚಿತ್ರದಲ್ಲಿ ಇದೆಯಾ? ಇರಲಿಕ್ಕಿಲ್ಲ ಅಂತ ನನ್ನ ಊಹೆ. ಗುಲಾಬಿ ಬರೆಯಿರಿ ಅಂದರೆ ನಾವೆಲ್ಲ ಬರೆಯುವುದು ಮೊದಲ ದಿನದ ಗುಲಾಬಿಯನ್ನೇ.

ಹಾಗಾಗಿ ಒಂದು ಕೆಲಸ ಮಾಡಿ. ನಾನು ಪ್ರತಿ ಹೊಸ ಹೂವಿಗೂ ಇದನ್ನು ಮಾಡುತ್ತೇನೆ. ಒಂದೇ ಗಿಡದ ನಾಲ್ಕೈದು ಹೂವು ತಂದು ನೀರಿನಲ್ಲಿಡಿ. ಒಂಬತ್ತು ದಿನ ಬಿಡಿ. ದಿನಕ್ಕೊಂದು ಎಸಳು ಕಿತ್ತು ಬಿಳಿ ಕಾಗದದ ಮೇಲಿಟ್ಟು, ಆ ಕ್ಷಣದ ಬಣ್ಣವನ್ನು ಪಕ್ಕದಲ್ಲೇ ಜಲವರ್ಣದಲ್ಲಿ ಬರೆಯಿರಿ. ಆಮೇಲೆ ಬರೆಯುತ್ತೇನೆ ಅಂತ ಬಿಡಬೇಡಿ, ಕಿತ್ತ ಎಸಳಿನ ಬಣ್ಣ ಸಂಜೆಯೊಳಗೆ ಬದಲಾಗುತ್ತದೆ. ಒಂಬತ್ತನೇ ದಿನ ನಿಮ್ಮ ಕೈಯಲ್ಲಿ ಒಂದು ಬಣ್ಣದ ಪಟ್ಟಿ ಇರುತ್ತದೆ, ಅದು ಯಾವ ಕಂಪ್ಯೂಟರಿನಲ್ಲೂ ಸಿಗದು. ಕೆಂಪು ಗುಲಾಬಿ ಕಪ್ಪಾಗುವುದಿಲ್ಲ, ನೀಲಿಯತ್ತ ವಾಲುತ್ತದೆ. ಎಸಳಿನ ಜೀವಕೋಶದೊಳಗಿನ ಹುಳಿ ಕಡಿಮೆಯಾಗುತ್ತಾ ಬಂದಂತೆ ಬಣ್ಣ ಹಾಗೆ ತಿರುಗುತ್ತದೆ. ಬಿಳಿ ಹೂವಿನ ಅಂಚಿಗೆ ಚಹಾ ಚೆಲ್ಲಿದಂಥ ಕಂದು ಬರುತ್ತದೆ. ಹೈಡ್ರೇಂಜಿಯಾ ಗಿಡದಲ್ಲೇ ಉಳಿದರೆ ನೀಲಿ ಹೋಗಿ ಹಸಿರಾಗುತ್ತದೆ, ಮೇಲೆ ವೈನ್ ಕೆಂಪಿನ ಛಾಯೆ ಬರುತ್ತದೆ. ಒಂದೇ ಗೊಂಚಲಿನಲ್ಲಿ ಮೂರೂ ಬಣ್ಣ! ಅದನ್ನು ಮೊದಲ ಸಲ ನೋಡಿದಾಗ ನಾನು ಮಾಡುತ್ತಿದ್ದ ಕೆಲಸ ನಿಲ್ಲಿಸಿ ಕೂತಿದ್ದೆ.

ದೊಡ್ಡವರು ಏನು ಮಾಡಿದ್ದಾರೆ ಅಂತ ಕೇಳಿದ್ದೀರಿ. ನಿಮ್ಮ ಕೋಟಿಗೆ ಹತ್ತಿರವಾದದ್ದು ಬೆಲ್ಜಿಯಂನ ಡಿಸೈನರ್ ಡ್ರೀಸ್ ವಾನ್ ನೋಟನ್ ಅವರ 2019ರ ಆಟಮ್-ವಿಂಟರ್ (ಶರತ್ಕಾಲ-ಚಳಿಗಾಲದ) ಕಲೆಕ್ಷನ್. ಆಂಟ್ವರ್ಪ್ ಹತ್ತಿರ ಅವರ ಮನೆಗೆ ದೊಡ್ಡ ತೋಟವಿದೆ. ಅಲ್ಲಿನ ಗುಲಾಬಿಗಳನ್ನು ಅಕ್ಟೋಬರಿನಲ್ಲಿ ಕಿತ್ತು ಫೋಟೋ ತೆಗೆಸಿ ಆ ಫೋಟೋಗಳನ್ನೇ ಬಟ್ಟೆಗೆ ಅಚ್ಚು ಹಾಕಿಸಿದರು. ಎಲೆಯ ಕಪ್ಪು ಚುಕ್ಕೆ ರೋಗ, ತಿಂದುಹೋದ ಅಂಚು, ಹೂವಿನ ಕೆಳಗೆ ಬಿದ್ದ ನೆರಳು, ಯಾವುದನ್ನೂ ಅಳಿಸಲಿಲ್ಲ. ಬಣ್ಣಗಳು ತಿಳಿಯಾಗಿಯೇ ಇದ್ದವು, ಗುಲಾಬಿ, ಹಳದಿ, ನೇರಳೆ. ಆದರೂ ಅದನ್ನು ವಸಂತ ಅಂತ ಯಾರೂ ಹೇಳಲಾರರು. ಆ ನೆರಳು ಮತ್ತು ಚುಕ್ಕೆ ಅಷ್ಟು ಕೆಲಸ ಮಾಡಿದವು.

ಇನ್ನು ಗಾಢ ಒಡಲೇ ಬೇಕು ಅಂದರೆ ಅದನ್ನು ಕಲಿಯಲು ಇಬ್ಬರು ಹಳೆಯ ಹೆಂಗಸರ ಕೆಲಸ ನೋಡಿ. ಒಬ್ಬರು ರಾಖೆಲ್ ರೌಶ್, ಹಾಲೆಂಡಿನ ಚಿತ್ರಗಾರ್ತಿ, 1664ರಿಂದ 1750ರವರೆಗೆ ಬದುಕಿದ್ದವರು. ಕಪ್ಪು ಹಿನ್ನೆಲೆಯಲ್ಲಿ ಹೂಗುಚ್ಛ ಬರೆದರು. ಒಂದೇ ಕಡೆಯಿಂದ ಬೆಳಕು. ಎದುರಿನ ಎರಡು ಮೂರು ಹೂವು ಹೊಳೆಯುತ್ತವೆ, ಉಳಿದವು ಕತ್ತಲೊಳಗೆ ಜಾರುತ್ತವೆ. ಅಂಚು ಕಾಣದೇ ಇರುವ ಹೂವುಗಳೇ ಜಾಸ್ತಿ. ನೀವು ಮಾಡಿದಂತೆ ಎಲ್ಲ ಹೂವನ್ನೂ ಸಮನಾಗಿ ಮಂಕು ಮಾಡಿದರೆ ಆ ಆಳ ಬರುವುದಿಲ್ಲ.

ಇನ್ನೊಬ್ಬರು ಮೇರಿ ಡೆಲಾನಿ, ಇಂಗ್ಲೆಂಡಿನವರು. 72ನೇ ವಯಸ್ಸಿನಲ್ಲಿ ಬಣ್ಣದ ಕಾಗದ ಕತ್ತರಿಸಿ ಕಪ್ಪು ಹಾಳೆಯ ಮೇಲೆ ಗಿಡ, ಹೂವು ಅಂಟಿಸಲು ಶುರು ಮಾಡಿದರು. ಒಂದು ಸಾವಿರಕ್ಕೆ ಹತ್ತಿರ ಮಾಡಿದರು. ಅವು ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಅದಕ್ಕೂ ಎಷ್ಟೋ ವರ್ಷ ಮೊದಲು ಅರಮನೆಗೆ ಹೋಗಲು ಅಂತ ಕಪ್ಪು ರೇಷ್ಮೆಯ ಮೇಲೆ ನಿಜವಾದ ಹೂವುಗಳಂತೆಯೇ ಕಾಣುವ ಕಸೂತಿ ಇರುವ ಉಡುಪನ್ನು ತಾವೇ ವಿನ್ಯಾಸ ಮಾಡಿಕೊಂಡಿದ್ದರು. ಕಪ್ಪಿನ ಮೇಲೆ ಹಸಿರು ಹೇಗೆ ಕೂರುತ್ತದೆ ಅಂತ ಅವರಿಂದ ಕಲಿಯಬೇಕು. ಒಂದು ಎಲೆಗೆ ಐದಾರು ಹಸಿರು ಕಾಗದ ಸೇರಿಸಿರುತ್ತಾರೆ. ಒಂದೇ ಹಸಿರು ಹಾಕಿದ್ದರೆ ಎಲೆ ಕಪ್ಪಿನೊಳಗೆ ತೂತಿನಂತೆ ಕಾಣುತ್ತಿತ್ತು.

ಈಗ ಪ್ರಿಂಟ್ ಬಿಟ್ಟು ಬೇರೆ ದಾರಿ. ಇದು ನನ್ನ ಕಸುಬು, ಉದ್ದ ಆದರೆ ಕ್ಷಮಿಸಿ.

ಕೆಲವು ವರ್ಷದ ಹಿಂದೆ ಒಂದು ಡಿಸೈನ್ ಸಂಸ್ಥೆಗೆ ಕಪ್ಪು ವೆಲ್ವೆಟ್ ಕೋಟಿನ ಮೇಲೆ ಹಾಕಲು 40 ಗುಲಾಬಿ ಮಾಡಿಕೊಟ್ಟೆ. ಅವರು ಸ್ಯಾಟಿನ್ ಬೇಕು ಅಂದರು, ನಾನೂ ಒಪ್ಪಿದೆ. ಒಂದೊಂದಾಗಿ ನೋಡಿದರೆ ಹೂವುಗಳು ಚೆನ್ನಾಗಿದ್ದವು. ಕೋಟಿಗೆ ಹೊಲಿದ ಮೇಲೆ ಅಂಟಿಸಿದ ಚೀಟಿಗಳಂತೆ ಕಂಡವು. ವೆಲ್ವೆಟ್ ಬೆಳಕನ್ನು ಕುಡಿಯುತ್ತದೆ, ಸ್ಯಾಟಿನ್ ಬೆಳಕನ್ನು ಎಸೆಯುತ್ತದೆ. ಎರಡೂ ಒಂದೇ ಗಿಡದ್ದು ಅಂತ ಕಣ್ಣು ನಂಬಲಿಲ್ಲ. ರಾತ್ರಿಯೆಲ್ಲ ಕೂತು 40ನ್ನೂ ಬಿಚ್ಚಿದೆವು. ಹೊರಗಿನ ಎಸಳುಗಳನ್ನು ಕೋಟಿನದೇ ವೆಲ್ವೆಟ್ಟಿನಲ್ಲಿ ಮಾಡಿ, ಒಳಕ್ಕೆ ಹೋದಂತೆ ಆಚೆ ಕಾಣುವಷ್ಟು ತೆಳುವಾದ ರೇಷ್ಮೆ ಆರ್ಗ್ಯಾಂಜಾ ಹಾಕಿದೆ. ಆಗ ಹೂವು ಬಟ್ಟೆಯೊಳಗಿಂದಲೇ ಎದ್ದು ಬಂದಂತಾಯಿತು. ಅಂದಿನಿಂದ ನಾನು ಒಡಲಿನ ಬಟ್ಟೆಯ ತುಂಡು ಕೈಗೆ ಬರುವ ತನಕ ಒಂದು ಎಸಳನ್ನೂ ಕತ್ತರಿಸುವುದಿಲ್ಲ.

ಮಾಡುವ ಬಗೆ ಹೀಗೆ. ಬಟ್ಟೆಗೆ ಮೊದಲು ತೆಳು ಜೆಲಟಿನ್ ಅಥವಾ ಗಂಜಿ ಕೊಟ್ಟು ಒಣಗಿಸಬೇಕು. ಎಸಳನ್ನು ಬಟ್ಟೆಯ ಓರೆಗೆ ಕತ್ತರಿಸಬೇಕು. ನೇರಕ್ಕೆ ಕತ್ತರಿಸಿದರೆ ಅದು ಬಾಗುವುದೇ ಇಲ್ಲ. ಬಣ್ಣವನ್ನು ಎಸಳು ಒದ್ದೆ ಇರುವಾಗಲೇ ಬುಡದಿಂದ ಅಂಚಿಗೆ ಹರಿಸಬೇಕು. ಅಂಚಿನ ಕಂದು ಮಾತ್ರ ಒಣಗಿದ ಮೇಲೆ, ಸಣ್ಣ ಕುಂಚದಲ್ಲಿ. ಆಮೇಲೆ ಉದ್ದ ಹಿಡಿಯ ತುದಿಯಲ್ಲಿ ಲೋಹದ ಗುಂಡು ಇರುವ ಉಪಕರಣವನ್ನು ಕಾಯಿಸಿ, ಮೆತ್ತನೆಯ ದಿಂಬಿನ ಮೇಲೆ ಎಸಳಿಟ್ಟು ಒತ್ತಿದರೆ ಬಟ್ಟಲಿನಂತೆ ಕುಳಿ ಬೀಳುತ್ತದೆ. ವಸಂತದ ಹೂವಿಗೆ ಎಸಳಿನ ಒಳಮೈಯಿಂದ ಒತ್ತುತ್ತೇನೆ, ಎಸಳು ಮುಚ್ಚಿಕೊಳ್ಳುತ್ತದೆ. ನಿಮ್ಮ ಹೂವಿಗೆ ಹೊರಗಿನ ಸಾಲಿನ ಎಸಳನ್ನು ತಿರುಗಿಸಿ ಹಿಂಬದಿಯಿಂದ ಒತ್ತಬೇಕು. ಆಗ ಅದು ಹಿಂದಕ್ಕೆ ಬೀಳುತ್ತದೆ. ಅದೊಂದು ತಿರುವಿನಲ್ಲಿ ಋತು ಬದಲಾಗುತ್ತದೆ.

ಪ್ಯಾರಿಸ್ಸಿನ ಲೆಮರಿಯೆ ಕಾರ್ಯಾಗಾರದವರು ಶನೆಲ್‌ಗೆ ಮಾಡುವ ಕ್ಯಾಮೆಲಿಯಾ ಹೂವೂ ಇದೇ ತರಹದ ಕೈಕೆಲಸ. 1880ರಲ್ಲಿ ಗರಿ ಕೆಲಸಕ್ಕೆ ಅಂತ ಶುರುವಾದ ಮನೆ ಅದು. 1996ರಲ್ಲಿ ಶನೆಲ್ ಅದನ್ನು ತನ್ನದಾಗಿಸಿಕೊಂಡಿತು. ಅಂದಹಾಗೆ ಕ್ಯಾಮೆಲಿಯಾ ನಿಮ್ಮ ವಿಷಯಕ್ಕೆ ಸರಿಹೊಂದುವ ಹೂವು. ಉಳಿದ ಗಿಡಗಳು ಮಲಗುವ ಹೊತ್ತಿಗೆ, ಶರತ್ಕಾಲದಿಂದ ಚಳಿಗಾಲದುದ್ದಕ್ಕೂ ಅರಳುತ್ತದೆ. ಎಸಳೆಸಳಾಗಿ ಉದುರದೆ ಎಷ್ಟೋ ಸಲ ಇಡೀ ಹೂವೇ ಕಳಚಿ ಬೀಳುತ್ತದೆ. ಕೋಟಿನ ಅಂಚಿನ ಹತ್ತಿರ ಹಾಗೆ ಬಿದ್ದ ಒಂದು ಹೂವು ಇದ್ದರೆ ಹೇಗಿರುತ್ತದೆ, ಯೋಚಿಸಿ.

ಬಣ್ಣದಬಾನಿ ಉತ್ತರ:

ಎಸಳುಕೈ ಅವರ ಮಾತಿಗೆ ಬಣ್ಣ ಹಾಕುವವನ ಕಡೆಯಿಂದ ಎರಡು ಸೇರಿಸುತ್ತೇನೆ.

ಒಂದು, ದೆವೊರೆ, ಅಂದರೆ ಬಟ್ಟೆಯ ಒಂದು ಬಗೆಯ ನೂಲನ್ನು ಮಾತ್ರ ಸುಟ್ಟು ತೆಗೆದು ಚಿತ್ರ ಮೂಡಿಸುವುದು. ರೇಷ್ಮೆಯ ತಳ, ವಿಸ್ಕೋಸ್ (ಮರದ ತಿರುಳಿನ ನೂಲು) ರೋಮ, ಅಂದರೆ ಮೇಲೆ ಎದ್ದು ನಿಂತ ಮೆತ್ತನೆಯ ಎಳೆ, ಇರುವ ವೆಲ್ವೆಟ್ ಬೇಕು. ಸೋಡಿಯಂ ಬೈಸಲ್ಫೇಟ್ ಸೇರಿಸಿದ ಅಂಟನ್ನು ಬಟ್ಟೆಯ ಹಿಂಬದಿಗೆ ಹಚ್ಚಿ, ಒಣಗಿಸಿ, ಕಾವು ಕೊಟ್ಟರೆ ಆ ಜಾಗದ ವಿಸ್ಕೋಸ್ ಸುಟ್ಟು ಪುಡಿಯಾಗುತ್ತದೆ. ರೇಷ್ಮೆ ಉಳಿಯುತ್ತದೆ. ತೊಳೆದ ಮೇಲೆ ಹೂವು ವೆಲ್ವೆಟ್ಟಿನಲ್ಲಿ, ಒಡಲು ತೆಳು ರೇಷ್ಮೆಯಲ್ಲಿ, ಅಥವಾ ಅದರ ತಿರುಗುಮುರುಗು. ಹಿಂಬದಿಗೆ ಹಚ್ಚುವುದರಿಂದ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯಬೇಕು. ಅಂಟು ಹಚ್ಚಿದ ಜಾಗ ತಿಳಿ ಕಂದು ಬಣ್ಣಕ್ಕೆ ಬಂದ ಕೂಡಲೇ ಇಸ್ತ್ರಿ ತೆಗೆಯಿರಿ. ಕಪ್ಪಾದರೆ ರೇಷ್ಮೆಗೂ ಪೆಟ್ಟು ಬಿದ್ದಿರುತ್ತದೆ. ಕಿಟಕಿ ತೆಗೆದು, ಕೈಗವಸು, ಮಾಸ್ಕ್ ಹಾಕಿಕೊಂಡೇ ಮಾಡಿ. ಇದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಆಮೇಲಿನ ಬಣ್ಣ. ರೇಷ್ಮೆ ಹೀರುವ ಬಣ್ಣ ಬೇರೆ, ವಿಸ್ಕೋಸ್ ಹೀರುವ ಬಣ್ಣ ಬೇರೆ. ಬಣ್ಣ ಸರಿಯಾಗಿ ಆರಿಸಿದರೆ ತಳ ತುಕ್ಕಿನ ಬಣ್ಣಕ್ಕೆ, ರೋಮ ನೇರಳೆಗೆ ಬರುತ್ತದೆ. ನಡೆಯುವಾಗ ಎರಡೂ ಒಂದರೊಳಗಿಂದ ಒಂದು ಇಣುಕುತ್ತವೆ.

ಎರಡು, ಹಾಸಿನ (ಮಗ್ಗದ ಉದ್ದನೆಯ ಎಳೆಗಳ) ಮೇಲೆ ಅಚ್ಚು. ನೇಯುವ ಮೊದಲೇ ಹಾಸಿನ ಎಳೆಗಳ ಮೇಲೆ ಹೂವನ್ನು ಅಚ್ಚು ಹಾಕಿ, ಆಮೇಲೆ ಹೊಕ್ಕು (ಅಡ್ಡ ಎಳೆ) ಹಾಕಿ ನೇಯುವುದು. ಎಳೆಗಳು ಚೂರು ಚೂರು ಸರಿದು ಹೂವಿನ ಅಂಚು ಕಲಸಿದಂತಾಗುತ್ತದೆ, ಮಂಜಿನೊಳಗಿಂದ ನೋಡಿದಂತೆ. ಮಗ್ಗ ಇಲ್ಲದೆ ಏಳು ವಾರದಲ್ಲಿ ಆಗದು. ಆದರೆ ಮ್ಯೂಸಿಯಂನಲ್ಲಿ ಹದಿನೆಂಟನೇ ಶತಮಾನದ ಫ್ರೆಂಚ್ ರೇಷ್ಮೆ ನೋಡುವ ಅವಕಾಶ ಸಿಕ್ಕರೆ ಈ ಅಂಚುಗಳನ್ನು ಹತ್ತಿರದಿಂದ ನೋಡಿ.

ಗರಿಗೆರೆ ಉತ್ತರ:

ನಾನು ಒಂದು ಕಡೆ ಒಪ್ಪುವುದಿಲ್ಲ. ಶರತ್ಕಾಲ ಅಂದರೆ ಬಾಡಿದ ಹೂವೇ ಆಗಬೇಕು ಅಂತ ಇಲ್ಲ. 2012ರ ಜುಲೈನಲ್ಲಿ ಡಿಸೈನರ್ ರಾಫ್ ಸಿಮನ್ಸ್ ಪ್ಯಾರಿಸ್ಸಿನ ಡಿಯೋರ್ ಸಂಸ್ಥೆಗೆ ತಮ್ಮ ಮೊದಲ ಓಟ್ ಕುಟೂರ್ (ಅಳತೆಗೆ ತಕ್ಕಂತೆ ಕೈಯಲ್ಲಿ ಮಾಡುವ ಉಡುಪುಗಳು) ಮಾಡಿದರಲ್ಲ, ಅದು ಆಟಮ್-ವಿಂಟರ್ ಕಲೆಕ್ಷನ್ನೇ. (ಶರತ್ಕಾಲದ ಕುಟೂರ್ ಜುಲೈನಲ್ಲೇ ಬರುತ್ತದೆ, ಅಳತೆ ಕೊಟ್ಟು ಹೊಲಿಸಿಕೊಳ್ಳುವವರಿಗೆ ಸಮಯ ಬೇಕು.) ಪ್ಯಾರಿಸ್ಸಿನ ಒಂದು ಬಂಗಲೆಯ ಕೋಣೆಗಳ ಗೋಡೆಗಳನ್ನು ನೆಲದಿಂದ ಸೂರಿನ ತನಕ ತಾಜಾ ಹೂವಿನಿಂದ ಮುಚ್ಚಿದ್ದರು. ಸುಮಾರು ಹತ್ತು ಲಕ್ಷ ಹೂವು. ಒಂದು ಕೋಣೆ ನೀಲಿ, ಒಂದು ಬಿಳಿ, ಒಂದು ಹಳದಿ. ಒಂದೂ ಬಾಡಿರಲಿಲ್ಲ. ಉಡುಪುಗಳ ಮೇಲೆ ಹೂವು ಇದ್ದದ್ದೂ ಕಡಿಮೆ.

ಇನ್ನೂ ಹಿಂದೆ ಹೋದರೆ ಕ್ರಿಸ್ತಿಯಾನ್ ಡಿಯೋರ್ ಅವರದೇ ಮೊದಲ ಕಲೆಕ್ಷನ್, 1947ರ ಫೆಬ್ರುವರಿ 12. ವಸಂತದ್ದು, ಆದರೂ ಇಲ್ಲಿ ಹೇಳಲೇಬೇಕು. ಅದರ ಒಂದು ಸಾಲಿಗೆ ಅವರೇ ಇಟ್ಟ ಹೆಸರು ಕೊರೊಲ್, ಹೂವಿನ ಎಸಳುಗಳ ಸುತ್ತು ಅಂತ ಅರ್ಥ. ಸಣ್ಣ ಸೊಂಟ, ಕೆಳಗೆ ಅರಳಿದ ಸ್ಕರ್ಟ್. ಹೂವು ಪ್ರಿಂಟಿನಲ್ಲಿ ಇರಲಿಲ್ಲ, ಆಕಾರದಲ್ಲಿತ್ತು. 2019ರ ಆಟಮ್-ವಿಂಟರ್‌ನಲ್ಲಿ ಸಾರಾ ಬರ್ಟನ್ ಅಲೆಕ್ಸಾಂಡರ್ ಮೆಕ್ವೀನ್‌ಗೆ ಮಾಡಿದ ಕೆಂಪು ಟಫೆಟಾ (ಗರಿಗರಿಯಾದ ಬಟ್ಟೆ) ಗೌನನ್ನೂ ನೋಡಿ. ಬಟ್ಟೆಯನ್ನೇ ಸುತ್ತಿ ಮಡಚಿ ಇಡೀ ಗೌನನ್ನು ಒಂದು ಗುಲಾಬಿ ಮಾಡಿದ್ದಾರೆ. ತುಂಬಾ ಜೀವ ಇರುವ ಕೆಂಪು. ಚಳಿಯ ಕಾಲಕ್ಕೆ ಅದೂ ಸರಿ ಅಲ್ವಾ?

ಹಾಗಾಗಿ ಮೊಗ್ಗುದಾರ ಅವರೇ, ನಿಮ್ಮ ಕೋಟಿಗೆ ಹೂವು ಹಾಕುವ ಮೊದಲು ಕೋಟಿನ ಆಕಾರವೇ ಹೂವಾಗಬಹುದಾ ಅಂತ ಕೇಳಿಕೊಳ್ಳಿ. ಕಾಲರ್ ಎಸಳಾಗಬಹುದು. ತೋಳಿನ ತುದಿ ಮೊಗ್ಗಾಗಬಹುದು.

ಎಸಳುಕೈ ಉತ್ತರ:

ಗರಿಗೆರೆ ಅವರೇ, ಸರಿಯಾದ ಮಾತು. ಬಾಡಿದ್ದೇ ಆಗಬೇಕು ಅಂತ ನಾನು ಬರೆದದ್ದು ಅತಿಯಾಯಿತು. ತಾಜಾ ಕೆಂಪು ಕೂಡ ಶರತ್ಕಾಲದ್ದೇ, ಸೇವಂತಿಗೆ, ಡೇಲಿಯಾ ಅರಳುವುದೇ ಆ ಕಾಲಕ್ಕೆ. ಸೇವಂತಿಗೆಗೆ ರಾತ್ರಿ ಉದ್ದವಾದರೆ ಮಾತ್ರ ಮೊಗ್ಗು ಬರುತ್ತದೆ. ಆದರೆ ಗುಲಾಬಿ ಆರಿಸಿಕೊಂಡವರು ಅದರ ವಯಸ್ಸನ್ನು ನೋಡಲೇಬೇಕು ಅನ್ನುವುದನ್ನು ಮಾತ್ರ ನಾನು ಬಿಡುವುದಿಲ್ಲ. ಸೇವಂತಿಗೆ ತನ್ನ ಕಾಲದಲ್ಲಿದೆ. ಅಕ್ಟೋಬರಿನ ಗುಲಾಬಿ ತನ್ನ ಕಾಲದ ಕೊನೆಯಲ್ಲಿದೆ.

ಮೊಗ್ಗುದಾರ, ಇನ್ನೊಂದು ಕೋಟು ನೆನಪಾಯಿತು. ಎಲ್ಸಾ ಸ್ಕಿಯಾಪರೆಲ್ಲಿ 1937ರ ಶರತ್ಕಾಲಕ್ಕೆ ಜಾನ್ ಕಾಕ್ತೋ ಅವರ ಚಿತ್ರ ಇಟ್ಟುಕೊಂಡು ಮಾಡಿದ ಸಂಜೆಯ ಕೋಟ್. ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಇದೆ. ಬೆನ್ನ ಮೇಲೆ ಕಸೂತಿಯಲ್ಲಿ ಎರಡು ಮುಖ ಎದುರುಬದುರು. ನಡುವಿನ ಖಾಲಿ ಜಾಗ ಹೂದಾನಿಯಾಗುತ್ತದೆ. ಅದರ ಮೇಲೆ ರೇಷ್ಮೆಯ ಗುಲಾಬಿಗಳು, ಎಲ್ಲವೂ ಹೆಗಲ ಹತ್ತಿರ ಗುಂಪಾಗಿ. ಕೆಳಗೆ ಹೂದಾನಿ ನಿಂತ ಕಂಬದ ಗೆರೆಗಳಷ್ಟೇ, ಹೂವಿಲ್ಲ. ಹೂವಿಲ್ಲದ ಆ ಜಾಗ ಇಲ್ಲದಿದ್ದರೆ ಹೂವಿಗೆ ಉಸಿರಾಡಲು ಆಗುತ್ತಿರಲಿಲ್ಲ. ನಿಮ್ಮ ಕೋಟಿನಲ್ಲೂ ಹೂವು ಎಷ್ಟು ಅಂತ ಎಣಿಸಬೇಡಿ, ಎಲ್ಲಿ ಅಂತ ನೋಡಿ.

ಮೊಗ್ಗುದಾರ ಬರೆದದ್ದು, ಹದಿನಾರು ದಿನದ ಮೇಲೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಉತ್ತರ ಬರೆಯುವ ಮೊದಲು ಕೆಲಸ ಮಾಡಿ ನೋಡೋಣ ಅಂತ ಸುಮ್ನೆ ಇದ್ದೆ.

ಒಂಬತ್ತು ದಿನದ ಗುಲಾಬಿ ಮಾಡಿದೆ ಅಕ್ಕಾ. ಐದನೇ ದಿನದ ತನಕ ಏನೂ ಆಗುತ್ತಿಲ್ಲ ಅನ್ನಿಸುತ್ತಿತ್ತು. ಕಾಗದದ ಪಟ್ಟಿ ನೋಡಿದಾಗ ಗೊತ್ತಾಯಿತು, ಎರಡನೇ ದಿನದಿಂದಲೇ ಬದಲಾಗುತ್ತಿತ್ತು, ನನ್ನ ಕಣ್ಣಿಗೆ ಕಾಣುತ್ತಿರಲಿಲ್ಲ. ಏಳನೇ ದಿನದ ಎಸಳಿನಲ್ಲಿ ಬುಡ ಇನ್ನೂ ಕೆಂಪು, ನಡುವೆ ನೇರಳೆ, ಅಂಚು ಒಣಗಿದ ಎಲೆಯ ಬಣ್ಣ. ಆ ಏಳನೇ ದಿನವನ್ನೇ ಹಿಡಿದುಕೊಂಡೆ.

ಪ್ರಿಂಟ್ ಬಿಟ್ಟೆ. ರೇಷ್ಮೆ-ವಿಸ್ಕೋಸ್ ವೆಲ್ವೆಟ್ ತಂದು ಮೊದಲು ಚಿಕ್ಕ ತುಂಡುಗಳಲ್ಲಿ ದೆವೊರೆ ಮಾಡಿದೆ. ಮೊದಲ ಎರಡು ತುಂಡು ಸುಟ್ಟುಹೋದವು, ಇಸ್ತ್ರಿ ಬಿಸಿ ಜಾಸ್ತಿ. ಮೂರನೆಯದು ಸರಿ ಬಂತು. ಕೋಟಿನ ಕೆಳಗಿನ ಭಾಗದಲ್ಲಿ ಮಾತ್ರ ದೆವೊರೆ ಎಲೆಗಳು, ಚುಕ್ಕೆ ಬಿದ್ದ ಎಲೆಗಳು. ಚುಕ್ಕೆ ಇರುವ ಕಡೆ ರೋಮ ಹೋಗಿ ತಳ ಕಾಣುತ್ತದೆ. ರೋಗದ ಗುರುತಿನಲ್ಲಿ ಬೆಳಕು ತೂರಿ ಬರುತ್ತದೆ. ಅದು ನನಗೆ ಎಷ್ಟು ಇಷ್ಟವಾಯಿತೆಂದರೆ ಹತ್ತು ನಿಮಿಷ ಕಿಟಕಿಗೆ ಹಿಡಿದುಕೊಂಡು ನಿಂತಿದ್ದೆ. ಅದೇ ಕಿಟಕಿ.

ಹೂವು ಎಡ ಹೆಗಲಿನಿಂದ ಬೆನ್ನಿಗೆ ಇಳಿಯುವಂತೆ ಏಳು, ಬಲಗಡೆ ಅಂಚಿನ ಹತ್ತಿರ ಬಿದ್ದ ಹೂವು ಒಂದು. ಹೊರ ಎಸಳು ಅದೇ ವೆಲ್ವೆಟ್, ಒಳಗೆ ಆರ್ಗ್ಯಾಂಜಾ. ಲೋಹದ ಗುಂಡಿನ ಉಪಕರಣ ಸಿಗಲಿಲ್ಲ. ಸ್ಟೀಲ್ ಚಮಚದ ಬೆನ್ನು ಕಾಯಿಸಿ ಒತ್ತಿದೆ, ಪರವಾಗಿಲ್ಲ ಅನ್ನುವಷ್ಟು ಬಂತು. ಮೇಡಂ ನಿನ್ನೆ ನೋಡಿದರು. ಬಿದ್ದ ಹೂವನ್ನು ಬೆರಳಿನಲ್ಲಿ ಮುಟ್ಟಿ, ಇದನ್ನು ಯಾವ ಗಿಡ ನೋಡಿ ಮಾಡಿದೆ ಅಂತ ಕೇಳಿದರು. ಪಟ್ಟಿ ತೋರಿಸಿದೆ. ಒಂದು ದಿನ ಇಟ್ಟುಕೊಳ್ಳುತ್ತೇನೆ ಅಂತ ತೆಗೆದುಕೊಂಡು ಹೋದರು.

ಈಗ ಒಂದು ತೊಂದರೆ. ಏಳು ಹೂವಿನ ಭಾರಕ್ಕೆ ಎಡ ಹೆಗಲು ಕೆಳಗೆ ಜಗ್ಗುತ್ತಿದೆ. ಕಾಲರ್ ಕೂಡ ಓರೆಯಾಗುತ್ತಿದೆ. ಹೂವು ಕಡಿಮೆ ಮಾಡಲು ಮನಸ್ಸಿಲ್ಲ. ಇನ್ನೊಂದು ವಿಷಯ, ಕೋಟಿನ ತುಂಡುಗಳ ಬಣ್ಣ ಒಂದೇ ಇದ್ದರೂ ಎಡ ತೋಳು ಸ್ವಲ್ಪ ತಿಳಿಯಾಗಿ ಕಾಣುತ್ತಿದೆ. ಯಾಕೆ?

ಅಡ್ಡಕತ್ತರಿ ಉತ್ತರ:

ತೋಳಿಗೆ ನಾನು ಹೇಳುತ್ತೇನೆ. ಎಡ ತೋಳನ್ನು ತಲೆಕೆಳಗಾಗಿ ಕತ್ತರಿಸಿದ್ದೀರಿ. ವೆಲ್ವೆಟ್ಟಿನ ರೋಮಕ್ಕೆ ದಿಕ್ಕು ಇದೆ. ಕೈ ಸವರಿ ನೋಡಿ. ಮೇಲಕ್ಕೆ ಸವರಿದಾಗ ನಯವಾಗಿದ್ದರೆ ರೋಮ ಮೇಲ್ಮುಖ, ಬಣ್ಣ ಗಾಢ. ಕೆಳಮುಖ ಇದ್ದರೆ ಹೊಳಪು ಜಾಸ್ತಿ, ಬಣ್ಣ ತಿಳಿ. ಎಲ್ಲ ತುಂಡೂ ಒಂದೇ ದಿಕ್ಕಿಗೆ ಇರಬೇಕು. ತೋಳು ಹೊಸದಾಗಿ ಕತ್ತರಿಸುವುದೊಂದೇ ದಾರಿ. ಹೊಲಿಯುವಾಗ ಎರಡು ಪದರ ಜಾರುತ್ತವೆ, ಪಿನ್ನು ನೆಚ್ಚಬೇಡಿ, ಕೈಯಲ್ಲಿ ಕಚ್ಚಾ ಹೊಲಿಗೆ ಹಾಕಿಕೊಂಡು ಮೆಷಿನ್ನಿಗೆ ಹೋಗಿ.

ಎಸಳುಕೈ ಉತ್ತರ:

ಹೂವು ಕಡಿಮೆ ಮಾಡಬೇಡಿ! ಭಾರವನ್ನು ವೆಲ್ವೆಟ್ಟಿಗೆ ಹೊರಿಸಿದ್ದೀರಿ, ಅದಕ್ಕೇ ಜಗ್ಗುತ್ತಿದೆ. ಎಡ ಹೆಗಲಿನ ಲೈನಿಂಗ್ ಬಿಚ್ಚಿ, ಒಳಗೆ ಕುತ್ತಿಗೆಯ ಬುಡದಿಂದ ತೋಳಿನ ಕೂಡು ತನಕ ಕ್ಯಾನ್ವಾಸ್ ಕೂರಿಸಿ. ಬೆನ್ನಿನ ಕಡೆಗೂ ಒಂದು ಗೇಣು ಇಳಿಸಿ. ಎರಡೂ ಹೆಗಲಿಗೆ ಹಾಕಿ, ಇಲ್ಲದಿದ್ದರೆ ಕೋಟು ಒಂದು ಕಡೆ ಗಟ್ಟಿ, ಒಂದು ಕಡೆ ಮೆತ್ತಗೆ ಆಗುತ್ತದೆ. ಏಳು ಹೂವನ್ನೂ ಒಂದು ಗಟ್ಟಿ ನೆಟ್ ತುಂಡಿಗೆ ಹೊಲಿದು, ಆ ನೆಟ್ಟನ್ನು ವೆಲ್ವೆಟ್ ದಾಟಿ ಕ್ಯಾನ್ವಾಸಿಗೆ ಹಿಡಿಸಿ. ನಾನು ಟಿಚ್ ಬಟನ್ ಹಾಕುತ್ತೇನೆ, ಕೋಟನ್ನು ಎಲ್ಲಿಗಾದರೂ ಒಯ್ಯುವಾಗ ಹೂವು ಬಿಚ್ಚಿಡಬಹುದು. ಏಳು ಹೂವಿಗೆ ಹನ್ನೆರಡು ಬಟನ್ ಸಾಕು.

ಚಮಚದ ಬೆನ್ನು ನಾನೂ ಮೊದಲ ವರ್ಷ ಬಳಸಿದ್ದೆ. ಕುಳಿ ಅಗಲವಾಗುತ್ತದೆ, ಒಳಗಿನ ಚಿಕ್ಕ ಎಸಳಿಗೆ ಸರಿಹೋಗದು. ಅದಕ್ಕೆ ಗುಂಡು ತಲೆಯ ದಪ್ಪ ಪಿನ್ನನ್ನು ಇಕ್ಕಳದಲ್ಲಿ ಹಿಡಿದು ಕಾಯಿಸಿ. ಪಿನ್ನಿನ ತಲೆ ಲೋಹದ್ದಾಗಿರಲಿ, ಪ್ಲಾಸ್ಟಿಕ್ ಕರಗುತ್ತದೆ.

ಬಿದ್ದ ಹೂವಿಗೆ ಮಾತ್ರ ಬಟನ್ ಬೇಡ. ಅದನ್ನು ಮೂರೇ ಕಡೆ, ಸಡಿಲವಾಗಿ, ರೇಷ್ಮೆ ದಾರದಲ್ಲಿ ಹಿಡಿಸಿ. ನಡೆಯುವಾಗ ಅದು ಚೂರು ಅಲುಗಬೇಕು.

ಮೊಗ್ಗುದಾರ ಬರೆದದ್ದು:

ಸವರಿ ನೋಡಿದೆ. ಎಡ ತೋಳು ತಲೆಕೆಳಗೇ ಇದೆ. ವೆಲ್ವೆಟ್ 80 ಸೆಂಟಿಮೀಟರ್ ಉಳಿದಿದೆ, ತೋಳಿಗೆ 66 ಬೇಕು. ಇವತ್ತು ರಾತ್ರಿಯೇ ಬಿಚ್ಚುತ್ತೇನೆ.